ಎಬಿಎಸ್ ದೀಪ ಹತ್ತಿದ್ದು ಯಾವಾಗ? ಹಳೇ ಫೋರ್ ಬೈ ಫೋರ್ ಗಾಡಿಯ ದೋಷ ಹುಡುಕುವ ಬಗೆ

ನನ್ನದು 2008ರ ಡೀಸೆಲ್ ಫೋರ್ ಬೈ ಫೋರ್. 2023ರಲ್ಲಿ ಹದಿನೈದು ವರ್ಷ ತುಂಬಿತು, ಆರ್‌ಟಿಒ ಫಿಟ್‌ನೆಸ್ ಮಾಡಿಸಿ ಇನ್ನೈದು ವರ್ಷದ ಆಯುಷ್ಯ ಪಡೆದುಕೊಂಡಿದೆ. ಮನೆ ಗೋವಾದ ಫೋಂಡಾದಲ್ಲಿ, ಊರು ಬೆಳಗಾವಿ ಕಡೆ. ತಿಂಗಳಿಗೆ ಎರಡು ಸಲವಾದರೂ ಅನಮೋಡ ಘಾಟೋ ಚೋರ್ಲಾ ಘಾಟೋ ಹತ್ತಿ ಇಳಿಯುತ್ತದೆ. ಮಳೆಗಾಲದಲ್ಲಿ ಸತ್ತರಿ ಕಡೆಯ ಕೆಂಪು ಕೆಸರು, ಬೇಸಿಗೆಯಲ್ಲಿ ಕಡಲಿನ ಉಪ್ಪು ಗಾಳಿ. ಇಂಥ ಜಾಗದಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಆ ಹಳದಿ ದೀಪ ಕಾಣುವುದೇ. ನನಗೆ ದೀಪ ಕಾಣಲಿಲ್ಲ, ದೋಷ ಮಾತ್ರ ಕಂಡಿತು. ಅದನ್ನು ಪತ್ತೆಹಚ್ಚಲು ಎಂಟು ತಿಂಗಳು, ಚಕ್ರದ ವೇಗ ಅಳೆಯುವ ಎರಡು ಹೊಸ ಸೆನ್ಸರ್, ಒಂದು ಸಲ ಡಿಸ್ಕ್ ಟರ್ನಿಂಗ್ (ಬ್ರೇಕ್ ಡಿಸ್ಕನ್ನು ಲೇತಿನಲ್ಲಿ ಕೆತ್ತಿ ಸಮ ಮಾಡುವುದು) ಬೇಕಾಯಿತು. ಕೊನೆಗೆ ಗುಣವಾದದ್ದು ಒಂದು ಹಾಳೆ ಪಾಲಿಶ್ ಪೇಪರಿನಿಂದ. ನೀವು ಆ ದಾರಿ ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸುರಕ್ಷತೆಯ ಮಾತು. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತಲೇ ಇರುತ್ತದೆ. ಜೋರಾಗಿ ಒತ್ತಿದರೆ ಹಳೇ ಕಾಲದ ಜೀಪಿನಂತೆ ಚಕ್ರ ಲಾಕ್ ಆಗಬಹುದು, ಅಷ್ಟೇ. ಆದರೆ ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಲೆಕ್ಕವೇ ಬೇರೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ, ಬ್ರೇಕ್ ಆಯಿಲ್ ಕಡಿಮೆಯಾಗಿದೆಯೇ ನೋಡಿ. ಎರಡೂ ಸರಿಯಿದ್ದರೆ, ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಒತ್ತಡವನ್ನು ಹದದಲ್ಲಿಡುವ ಇಬಿಡಿ ಕೈಕೊಟ್ಟಿರಬಹುದು. ಆಗ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುವ ಅಪಾಯವಿದೆ. ಆ ಸ್ಥಿತಿಯಲ್ಲಿ ಘಾಟ್ ಇಳಿಯಬೇಡಿ.

ಮೀಟರು, ಪಾನಾ ಏನನ್ನೂ ತೆಗೆಯುವ ಮೊದಲು ಒಂದು ಚೀಟಿ ತೆಗೆದುಕೊಂಡು, ದೀಪ ಹತ್ತಿದ್ದು ಯಾವಾಗ ಎಂದು ಬರೆದಿಡಿ. ಗ್ಯಾರೇಜಿಗೆ ಹೋಗಿ ‘ಎಬಿಎಸ್ ಲೈಟ್ ಬರ್ತಿದೆ’ ಎಂದಷ್ಟೇ ಹೇಳಿದರೆ ಅವರು ಸೆನ್ಸರ್ ಬದಲಿಸುತ್ತಾರೆ. ಯಾವಾಗ ಬರುತ್ತದೆ ಎಂದು ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೀಲಿ ಆನ್ ಮಾಡಿದಾಗ ದೀಪ ಎರಡು ಮೂರು ಸೆಕೆಂಡು ಹತ್ತಿ ಆರಬೇಕು. ಆರಲೇ ಇಲ್ಲವೆಂದರೆ ಕಂಟ್ರೋಲ್ ಯೂನಿಟ್ಟಿಗೆ ನಿಂತಲ್ಲೇ ಏನೋ ಕಡಿದುಹೋದದ್ದು ಕಂಡಿದೆ: ಫ್ಯೂಸ್, ರಿಲೇ, ತುಂಡಾದ ವೈರ್, ವೈರ್ ಜೋಡಿಸುವ ಕಪ್ಲರ್. ಆರಿ, ಗಾಡಿ ಹೊರಟು 10–20 ಕಿ.ಮೀ. ವೇಗ ಮುಟ್ಟಿದಾಗ ಮತ್ತೆ ಹತ್ತಿದರೆ ಎರಡು ಸಾಧ್ಯತೆಗಳಿವೆ. ಆ ವೇಗದಲ್ಲಿ ಹಲವು ಗಾಡಿಗಳು ಎಬಿಎಸ್ಸಿನ ಪಂಪ್ ಮೋಟಾರನ್ನು ಒಂದು ಕ್ಷಣ ತಿರುಗಿಸಿ ಪರೀಕ್ಷಿಸಿಕೊಳ್ಳುತ್ತವೆ; ಬಾನೆಟ್ಟಿನ ಕಡೆಯಿಂದ ‘ಗುರ್’ ಎಂಬ ಸಣ್ಣ ಸದ್ದು ಕೇಳಿದ ನೆನಪಿರಬಹುದು. ಅದೇ ಹೊತ್ತಿಗೆ ನಾಲ್ಕೂ ಚಕ್ರಗಳ ಸಿಗ್ನಲ್ ಬರುತ್ತಿದೆಯೇ ಎಂದೂ ನೋಡುತ್ತವೆ. ಹೀಗಾಗಿ ದೋಷ ಮೋಟಾರಿನದ್ದು ಇಲ್ಲವೇ ಯಾವುದೋ ಚಕ್ರದ್ದು. ಗುಂಡಿ ಬಿದ್ದ ರಸ್ತೆಯಲ್ಲಿ, ಇಲ್ಲವೇ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಬಂದರೆ ಮುಂದಿನ ಚಕ್ರದ ಬಳಿ ವೈರ್ ಒಳಗೇ ಮುರಿದಿದೆ, ಅಥವಾ ಬೇರಿಂಗ್ ಸಡಿಲವಾಗಿದೆ. ವಾಟರ್ ಸರ್ವಿಸಿಂಗ್ ಮಾಡಿಸಿದ ಮರುದಿನ ಬಂದರೆ ಕಪ್ಲರಿನಲ್ಲಿ ನೀರು ಸೇರಿದೆ. ರಾತ್ರಿ ಹೆಡ್‌ಲೈಟ್, ಏಸಿ, ವೈಪರ್ ಎಲ್ಲ ಹಾಕಿ ಸಿಗ್ನಲ್ಲಿನಲ್ಲಿ ನಿಂತಾಗ ಬಂದರೆ ಚಕ್ರಗಳ ತಂಟೆಗೇ ಹೋಗಬೇಡಿ, ಬ್ಯಾಟರಿ ಮತ್ತು ಡೈನಮೋ ನೋಡಿ.

ಇನ್ನೊಂದು ಬಗೆ: ಕೀಲಿ ತಿರುಗಿಸಿದಾಗ ದೀಪ ಹತ್ತಲೇ ಇಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು ಇದನ್ನು ಮೊದಲ ದಿನವೇ ನೋಡಬೇಕು. ಮಾರುವವರು ಬಲ್ಬ್ ಕಿತ್ತಿರುತ್ತಾರೆ, ಕರಿ ಟೇಪ್ ಅಂಟಿಸಿರುತ್ತಾರೆ, ಇಲ್ಲವೇ ಆಯಿಲ್ ದೀಪದ ವೈರಿಗೆ ಜೋಡಿಸಿ ಎರಡೂ ಒಟ್ಟಿಗೆ ಹತ್ತಿ ಆರುವಂತೆ ಮಾಡಿರುತ್ತಾರೆ. ಆದರೆ ಆ ಕಾಲದಲ್ಲಿ ಎಬಿಎಸ್ ಬರುತ್ತಿದ್ದುದು ಹೆಚ್ಚಾಗಿ ಮೇಲಿನ ವೇರಿಯಂಟಿಗಷ್ಟೇ. ಆದ್ದರಿಂದ ಬಾನೆಟ್ ಎತ್ತಿ, ಮಾಸ್ಟರ್ ಸಿಲಿಂಡರಿನಿಂದ ಹೊರಟ ಪೈಪುಗಳು ಒಂದು ಅಲ್ಯೂಮಿನಿಯಂ ದಿಮ್ಮಿಗೆ (ಇದೇ ಎಬಿಎಸ್ ಮಾಡ್ಯೂಲ್) ಹೋಗಿ, ಅಲ್ಲಿಂದ ಚಕ್ರಗಳಿಗೆ ಹೋಗಿವೆಯೇ ಎಂದು ನೋಡಿಯೇ ಜಗಳಕ್ಕೆ ನಿಲ್ಲಿ.

ದೀಪವಿಲ್ಲದ ದೋಷ

ನನ್ನ ಗಾಡಿಯದ್ದು ಈ ಯಾವುದೂ ಅಲ್ಲ. ಫೋಂಡಾದ ತಿಸ್ಕ್ ಹತ್ತಿರ ನಿಧಾನವಾಗಿ ಬ್ರೇಕ್ ಒತ್ತಿ ನಿಲ್ಲಿಸುವಾಗ, ಇನ್ನು ಹತ್ತು ಅಡಿ ಇದೆ ಎನ್ನುವಷ್ಟರಲ್ಲಿ ಪೆಡಲ್ ಪಾದದ ಕೆಳಗೆ ‘ಗರಗರ’ ಎಂದು ಒದೆಯುತ್ತಿತ್ತು. ಗಾಡಿ ನಿಲ್ಲಬೇಕಾದ ಜಾಗಕ್ಕಿಂತ ಅರ್ಧ ಮೊಳ ಮುಂದೆ ಹೋಗಿ ನಿಲ್ಲುತ್ತಿತ್ತು. ಒಣ ಡಾಂಬರು, ವೇಗ ಎಂಟೋ ಹತ್ತೋ ಕಿ.ಮೀ. ದೀಪ ಇಲ್ಲ. ಸ್ಕ್ಯಾನರ್ ಹಾಕಿದರೆ ಕೋಡ್ ಇಲ್ಲ.

ಮೊದಲ ಗ್ಯಾರೇಜಿನವರು ‘ಡಿಸ್ಕ್ ಡೊಂಕಾಗಿದೆ’ ಎಂದು ಟರ್ನಿಂಗ್ ಮಾಡಿಸಿದರು. ಏನೂ ಬದಲಾಗಲಿಲ್ಲ. ಎರಡನೆಯವರು ಮುಂದಿನ ಎರಡೂ ಸೆನ್ಸರ್ ಬದಲಿಸಿದರು. ಒಂದು ವಾರ ಸುಮ್ಮನಿತ್ತು, ಮತ್ತೆ ಶುರು. ಮೂರನೆಯವರು ‘ಮಾಡ್ಯೂಲೇ ಹೋಗಿದೆ’ ಎಂದು ಕೊಟ್ಟ ಕೊಟೇಶನ್ ಕೇಳಿ ನಾನು ಎದ್ದು ಬಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮೂರ ಕಡೆಯವರೇ ಒಬ್ಬ ಮೇಸ್ತ್ರಿ ಇದ್ದಾರೆ, ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿಯಲ್ಲಿ ಕಲಿತು ಇಲ್ಲಿಗೆ ಬಂದವರು. ಅವರು ಗಾಡಿಯ ಕೆಳಗೆ ನುಗ್ಗಲಿಲ್ಲ. ಎಬಿಎಸ್ ಫ್ಯೂಸ್ ಕಿತ್ತು ನನ್ನ ಕೈಗೆ ಕೊಟ್ಟು, ‘ಹೋಗಿ ಒಂದು ರೌಂಡ್ ಹೊಡ್ಕೊಂಡ್ ಬರ್ರಿ ಸಾಹೇಬ್ರ, ಒದಿತೈತೇನು ನೋಡ್ರಿ’ ಎಂದರು. ಖಾಲಿ ರಸ್ತೆಯಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿದೆ. ಒದೆಯಲಿಲ್ಲ.

ಖರ್ಚಿಲ್ಲದ ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಡಿಸ್ಕ್ ಟರ್ನಿಂಗ್ ದುಡ್ಡು ಉಳಿಯುತ್ತಿತ್ತು. ಫ್ಯೂಸ್ ಕಿತ್ತ ಮೇಲೂ ಪೆಡಲ್ ನಡುಗಿದರೆ ದೋಷ ಡಿಸ್ಕಿನಲ್ಲೋ ಡ್ರಮ್ಮಿನಲ್ಲೋ ಇದೆ. ಆ ನಡುಕ ಹೆಚ್ಚು ವೇಗದಲ್ಲಿ ಬ್ರೇಕ್ ಹಾಕಿದಾಗಲೇ ಜಾಸ್ತಿ ಗೊತ್ತಾಗುತ್ತದೆ. ಕಿತ್ತ ಮೇಲೆ ನಿಂತುಹೋದರೆ ಎಬಿಎಸ್ಸೇ ಬೇಡದ ಹೊತ್ತಿನಲ್ಲಿ ಎದ್ದು ಕೆಲಸ ಮಾಡುತ್ತಿದೆ. ಫ್ಯೂಸ್ ಇಲ್ಲದಾಗ ಎಬಿಎಸ್ ಇರುವುದಿಲ್ಲ, ಹಲವು ಗಾಡಿಗಳಲ್ಲಿ ಇಬಿಡಿಯೂ ಇರುವುದಿಲ್ಲ. ಹಾಗಾಗಿ ಖಾಲಿ ಜಾಗದಲ್ಲಿ, ನಿಧಾನದಲ್ಲಿ ಮಾತ್ರ.

ಬೇಡದ ಹೊತ್ತಿನಲ್ಲಿ ಏಕೆ ಏಳುತ್ತದೆ? ಹಳೇ ಗಾಡಿಗಳ ಸೆನ್ಸರ್ ಎಂದರೆ ಒಂದು ಆಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ, ಅಷ್ಟೇ. ಎದುರಿಗೆ ಚಕ್ರದೊಡನೆ ಹಲ್ಲಿನ ಉಂಗುರ ತಿರುಗುತ್ತದೆ, ಗ್ಯಾರೇಜಿನಲ್ಲಿ ಅದಕ್ಕೆ ಬರೀ ರಿಂಗ್ ಎನ್ನುತ್ತಾರೆ. ಪ್ರತಿ ಹಲ್ಲು ಹಾದುಹೋದಾಗ ಸುರುಳಿಯಲ್ಲಿ ಸಣ್ಣ ಎಸಿ ಕರೆಂಟ್ ಹುಟ್ಟುತ್ತದೆ. ಚಕ್ರ ನಿಧಾನವಾದಷ್ಟೂ ಈ ಕರೆಂಟ್ ಕ್ಷೀಣಿಸುತ್ತದೆ. ಸೆನ್ಸರಿಗೂ ರಿಂಗಿಗೂ ನಡುವಿನ ಸಂದು ದೊಡ್ಡದಾದರೆ ಇನ್ನೂ ಕ್ಷೀಣ. ಮೂರು ಚಕ್ರಗಳು ‘ಎಂಟು ಕಿ.ಮೀ.’ ಎನ್ನುತ್ತಿರುವಾಗ ಸಂದು ಹೆಚ್ಚಾದ ನಾಲ್ಕನೆಯದರ ದನಿ ಉಡುಗಿಬಿಡುತ್ತದೆ. ಕಂಟ್ರೋಲ್ ಯೂನಿಟ್ ಪಾಪ, ಆ ಚಕ್ರ ಲಾಕ್ ಆಯಿತೆಂದು ತಿಳಿದು ಅದರ ಬ್ರೇಕ್ ಸಡಿಲಿಸುತ್ತದೆ. ಅದರ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಆದ್ದರಿಂದಲೇ ಕೋಡ್ ಬರುವುದಿಲ್ಲ.

ಯಾವ ಚಕ್ರ?

ಇದಕ್ಕೆ ಜಾಕ್, ಸ್ಟ್ಯಾಂಡ್, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ನಮ್ಮ ಕಡೆ ಸ್ಟ್ಯಾಂಡ್ ಬದಲಿಗೆ ಚಿರೆಕಲ್ಲು ಇಡುವ ಚಾಳಿ ಇದೆ. ಮನೆ ಕಟ್ಟಲು ಆ ಕಲ್ಲು ಒಳ್ಳೆಯದು, ಎರಡು ಟನ್ ಗಾಡಿಯ ಆ್ಯಕ್ಸಲ್ ಭಾರ ಒಂದೇ ಮೂಲೆಯ ಮೇಲೆ ಕೂತರೆ ಒಡೆದುಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡೇ ಇಡಿ.

ಚಕ್ರ ಎತ್ತಿ, ಸೆನ್ಸರಿನ ಕಪ್ಲರ್ ಬಿಚ್ಚಿ, ಎರಡು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಈ ಬಗೆಯ ಸೆನ್ಸರಿನಲ್ಲಿ ಸಾಮಾನ್ಯವಾಗಿ 800ರಿಂದ 2,500 ಓಮ್ ಒಳಗೆ ಬರುತ್ತದೆ. ನಿಖರ ಅಂಕಿ ಗಾಡಿಯಿಂದ ಗಾಡಿಗೆ ಬೇರೆ. ಎಡಕ್ಕೂ ಬಲಕ್ಕೂ ಹತ್ತಿರ ಹತ್ತಿರ ಬರಬೇಕು ಎನ್ನುವುದೇ ಮುಖ್ಯ. ಒಂದು ಪಿನ್ ಮತ್ತು ಗಾಡಿಯ ಬಾಡಿ ನಡುವೆ ಅಳೆದರೆ ಏನೂ ತೋರಿಸಬಾರದು, ತೋರಿಸಿದರೆ ಒಳಗೆ ಅರ್ಥ್ ಆಗಿದೆ. ಅಳೆಯುತ್ತಿರುವಾಗಲೇ ಇನ್ನೊಬ್ಬರಿಂದ ವೈರನ್ನು ಅಲ್ಲಲ್ಲಿ ಬಗ್ಗಿಸಿಸಿ, ಸ್ಟೀರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿಸಿ. ಅಂಕಿ ಒಮ್ಮೆ ಮಾಯವಾಗಿ ಮತ್ತೆ ಬಂದರೆ ಕಳ್ಳ ಸಿಕ್ಕ. ಹೊರಗಿನ ರಬ್ಬರ್ ನೆಟ್ಟಗೇ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುವುದು ಬಹಳ ಸಾಮಾನ್ಯ. ಸಸ್ಪೆನ್ಷನ್ ಎತ್ತರಿಸಿ ಲಿಫ್ಟ್ ಕಿಟ್ ಹಾಕಿಸಿದ ಗಾಡಿಗಳಲ್ಲಂತೂ ವೈರ್ ಉದ್ದ ಹಾಗೇ ಉಳಿದಿರುತ್ತದೆ, ಚಕ್ರ ಕೆಳಗೆ ಜೋತಾಗಲೆಲ್ಲ ವೀಣೆಯ ತಂತಿಯಂತೆ ಬಿಗಿಯುತ್ತದೆ.

ಓಮ್ ಸರಿ ಬಂತೆಂದು ಸೆನ್ಸರಿಗೆ ಸರ್ಟಿಫಿಕೇಟ್ ಕೊಡಬೇಡಿ. ಮೀಟರನ್ನು ಎಸಿ ಮಿಲಿವೋಲ್ಟಿಗೆ ತಿರುಗಿಸಿ, ಚಕ್ರವನ್ನು ಕೈಯಿಂದ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಒಳ್ಳೇ ಸಂದು ಇದ್ದರೆ ಕೆಲವು ನೂರು ಮಿಲಿವೋಲ್ಟ್ ಬರುತ್ತದೆ. ನನ್ನ ಗಾಡಿಯಲ್ಲಿ ಎಡಗಡೆ 340ರ ಆಸುಪಾಸು. ಬಲಗಡೆ ಎಷ್ಟು ಜೋರಾಗಿ ತಿರುಗಿಸಿದರೂ 90 ದಾಟಲಿಲ್ಲ. ಹೊಸ ಸೆನ್ಸರ್ ಕಣ್ರೀ, ಪೆಟ್ಟಿಗೆ ಇನ್ನೂ ಡಿಕ್ಕಿಯಲ್ಲೇ ಇತ್ತು.

ಮೇಸ್ತ್ರಿ ಸೆನ್ಸರಿನ ಬೋಲ್ಟ್ ಬಿಚ್ಚಿದರು. ಸೆನ್ಸರ್ ಬರಲಿಲ್ಲ. ಇಂಥಲ್ಲಿ ಪ್ಲೈಯರ್ ಹಾಕಿ ತಿರುಚಿದರೆ ಪ್ಲಾಸ್ಟಿಕ್ ತಲೆ ಕೈಗೆ ಬಂದು ಮುಂಡ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಚಹಾ ಕುಡಿದು ಬಂದು, ಮೆಲ್ಲಗೆ ಅತ್ತಿತ್ತ ಆಡಿಸಿ ಹೊರಗೆ ತೆಗೆದರು. ತುದಿಯಲ್ಲಿ ಕಪ್ಪು ಗಡ್ಡ ಬೆಳೆದಿತ್ತು, ಮುಳ್ಳುಹಂದಿಯಂತೆ ನಿಗುರಿ ನಿಂತ ಕಬ್ಬಿಣದ ಪುಡಿ. ಇಲ್ಲಿ ಎಲ್ಲರೂ ಇದನ್ನು ಮೈನಿಂಗ್ ದೂಳು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೋವಾದ ಕೆಂಪು ಅದಿರು ಹೆಚ್ಚಾಗಿ ಹೆಮಟೈಟ್, ಅದು ಆಯಸ್ಕಾಂತಕ್ಕೆ ಇಷ್ಟು ಗಟ್ಟಿಯಾಗಿ ಅಂಟುವ ಜಾತಿಯದ್ದಲ್ಲ. ಈ ಗಡ್ಡ ನಮ್ಮದೇ ಬ್ರೇಕ್ ಡಿಸ್ಕಿನ ಸವಕಲು ಪುಡಿ. ಒರೆಸಿದರೆ ಹೋಗುತ್ತದೆ.

ಆದರೆ ಗಡ್ಡ ಅರ್ಧ ಕಥೆ ಮಾತ್ರ. ಮೇಸ್ತ್ರಿ ಸೆನ್ಸರ್ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನನ್ನನ್ನು ಬಗ್ಗಿಸಿ ತೋರಿಸಿದರು. ‘ಸೆನ್ಸರ್ ಸತ್ತಿಲ್ರಿ ಸಾಹೇಬ್ರ, ಅದರ ಬುಡದಾಗ ತುಕ್ಕು ಬೆಳದೈತಿ. ಹೊಸಾದು ತಂದು ತುಕ್ಕಿನ ಮ್ಯಾಲೇ ಕುಂದ್ರಿಸ್ಯಾರ.’ ಸೆನ್ಸರ್ ಕೂರುವ ನಕಲ್ಲಿನ (ಚಕ್ರದ ಹಬ್ ಹಿಡಿದಿರುವ ಎರಕದ ಭಾಗ) ಮುಖದ ಮೇಲೆ ತುಕ್ಕು ಪದರ ಪದರವಾಗಿ ಎದ್ದು, ಒಣಗಿದ ಹಪ್ಪಳದಂತೆ ಉಬ್ಬಿತ್ತು. ತುಕ್ಕು ಹಿಡಿದ ಕಬ್ಬಿಣ ಮೂಲಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಹಾಗೆ ಉಬ್ಬುತ್ತಾ ಸೆನ್ಸರನ್ನು ರಿಂಗಿನಿಂದ ಹೊರಕ್ಕೆ ತಳ್ಳಿತ್ತು. ಆ ಸಂದು ಅಳೆಯಲು ಅವರು ಬಳಸಿದ್ದು ಲಗ್ನಪತ್ರಿಕೆ! ಸಂದು ಅಳೆಯುವ ಉಕ್ಕಿನ ಪಟ್ಟಿ, ಅಂದರೆ ಫೀಲರ್ ಗೇಜ್, ಆಯಸ್ಕಾಂತಕ್ಕೆ ಅಂಟಿಕೊಂಡು ಕೈಗೆ ಸರಿಯಾದ ಅಂದಾಜು ಸಿಗುವುದಿಲ್ಲ, ಹಿತ್ತಾಳೆಯದು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಕಾಗದದ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ತುಂಡುಗಳನ್ನು ಒಂದರ ಮೇಲೊಂದು ತೂರಿಸಬಹುದು. ಎಡಗಡೆ ಸುಮಾರು 0.8 ಮಿ.ಮೀ. ಇದ್ದರೆ ಬಲಗಡೆ 1.6ಕ್ಕೂ ಹೆಚ್ಚು. ಬಹುತೇಕ ಗಾಡಿಗಳಲ್ಲಿ ಈ ಸಂದು 0.3ರಿಂದ 1.2 ಮಿ.ಮೀ. ಒಳಗಿರಬೇಕು.

80 ನಂಬರಿನ ಪಾಲಿಶ್ ಪೇಪರಿನಿಂದ ಆ ಮುಖವನ್ನು ಬೆಳ್ಳಗೆ ಉಜ್ಜಿ, ತೂತಿನ ಒಳಗೋಡೆಯನ್ನೂ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿ ಕೂರಿಸಿದ ಮೇಲೆ ಬಲಗಡೆಯೂ 330 ಬಂತು.

ಸೆನ್ಸರ್ ತೆಗೆದ ಹೊತ್ತಿನಲ್ಲೇ ಆ ತೂತಿನಿಂದ ರಿಂಗನ್ನೂ ನೋಡಿಬಿಡಿ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಪ್ರತಿ ಹಲ್ಲನ್ನೂ ನೋಡಬೇಕು. ಡ್ರೈವ್ ಶಾಫ್ಟಿನ ಮೇಲೆ ಬಿಗಿಯಾಗಿ ತೂರಿಸಿದ ರಿಂಗಿನ ಅಡಿಯಲ್ಲೂ ಇದೇ ತುಕ್ಕು ಬೆಳೆದು ಅದನ್ನು ಸೀಳಿಹಾಕುತ್ತದೆ. ಕೂದಲೆಳೆಯಷ್ಟು ಬಿರುಕು, ಮೇಲೆ ಕೆಸರು ಮೆತ್ತಿದ್ದರೆ ಕಾಣುವುದೇ ಇಲ್ಲ. ತಂತಿಬ್ರಶ್ಶಿನಿಂದ ಉಜ್ಜಿ ಉಗುರು ಎಳೆದು ನೋಡಬೇಕು. ಬಿರುಕು ಬಿಟ್ಟ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹೆಚ್ಚಾಗಿ, ಪ್ರತಿ ಸುತ್ತಿಗೊಮ್ಮೆ ಸಿಗ್ನಲ್ ಎಡವುತ್ತದೆ. ಇದಕ್ಕೆ ವೆಲ್ಡಿಂಗ್ ಮಾಡಿಸುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಬೇಡ, ಹೊಸ ರಿಂಗ್ ಹಾಕಿಸಿ. ಹಲ್ಲಿನ ಲೆಕ್ಕ ಮಾತ್ರ ಹಳೆಯದಕ್ಕೆ ಸಮವಿರಲಿ, ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಆ ಚಕ್ರದ ವೇಗವೇ ಬೇರೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದು ಸುರುಳಿಯ ಸೆನ್ಸರಿಗೆ. ಸ್ವಲ್ಪ ಈಚಿನ ಗಾಡಿಗಳಲ್ಲಿ ಆ್ಯಕ್ಟಿವ್ ಸೆನ್ಸರ್ ಇರುತ್ತದೆ. ಅದಕ್ಕೂ ಎರಡೇ ವೈರ್, ಆದರೆ ಒಳಗೆ ಎಲೆಕ್ಟ್ರಾನಿಕ್ಸ್. ಅದಕ್ಕೆ ಓಮ್ ಮೀಟರ್ ಹಚ್ಚಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ, ಕೆಡುವ ಸಾಧ್ಯತೆಯೂ ಇದೆ. ಕಪ್ಲರ್ ಬಿಚ್ಚಿ, ಕೀಲಿ ಆನ್ ಮಾಡಿ, ಗಾಡಿಯ ಕಡೆಯಿಂದ ಬರುವ ಪಿನ್ನಿನಲ್ಲಿ ಡಿಸಿ ಅಳೆಯಿರಿ. ಬ್ಯಾಟರಿಗೆ ಹತ್ತಿರದ ವೋಲ್ಟೇಜ್ ಬಂದರೆ ಅದು ಆ್ಯಕ್ಟಿವ್. ಇವುಗಳಲ್ಲಿ ಹಲವಕ್ಕೆ ಹಲ್ಲಿನ ರಿಂಗೇ ಇಲ್ಲ, ಬೇರಿಂಗಿನ ಒಂದು ಪಕ್ಕದ ಸೀಲ್ ಆಯಸ್ಕಾಂತದ ಪಟ್ಟಿಯಾಗಿರುತ್ತದೆ. ಹಬ್ ಬೇರಿಂಗ್ ಬದಲಿಸಿದ ಮರುದಿನವೇ ದೀಪ ಹತ್ತಿತೆಂದರೆ ಬೇರಿಂಗ್ ಉಲ್ಟಾ ಕೂತಿರಬಹುದು. ಕೂರಿಸುವ ಮೊದಲು ಒಂದು ಗುಂಡುಸೂಜಿ ಹಿಡಿದು ನೋಡಿದರೆ ಯಾವ ಪಕ್ಕ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಆ ಪಕ್ಕ ಸೆನ್ಸರ್ ಕಡೆ ಬರಬೇಕು.

ಫೋರ್ ಬೈ ಫೋರ್ ಗಾಡಿಗಷ್ಟೇ ಇರುವ ತಂಟೆಗಳು

ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿದಾಗ, ಇಲ್ಲವೇ ಡಿಫರೆನ್ಷಿಯಲ್ ಲಾಕ್ ಒತ್ತಿದಾಗ ಎಬಿಎಸ್ ದೀಪ ಹತ್ತುವುದು ಕೆಲವು ಗಾಡಿಗಳಲ್ಲಿ ದೋಷವಲ್ಲ, ಕಂಪನಿಯೇ ಹಾಗೆ ಮಾಡಿದೆ. ಓನರ್ಸ್ ಮ್ಯಾನ್ಯುಯಲ್ ನೋಡಿ. ಟೂ ವ್ಹೀಲಿಗೆ ಬಂದು ಸ್ವಲ್ಪ ಓಡಿಸಿದ ಮೇಲೂ ಆರದಿದ್ದರೆ ಮಾತ್ರ, ಎಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೋ ನಾಲ್ಕಕ್ಕೋ ಹಂಚುವ ಟ್ರಾನ್ಸ್‌ಫರ್ ಕೇಸಿನ ಸ್ವಿಚ್ಚಿನ ಮೇಲೆ ಅನುಮಾನ ಪಡಿ. ಕೆಸರಿನಲ್ಲಿ ಮುಳುಗೆದ್ದ ಗಾಡಿಗಳಲ್ಲಿ ಅದೂ ಸಾಯುತ್ತದೆ.

ಸಡಿಲು ಜಲ್ಲಿ, ಮರಳಿನ ಮೇಲೆ ಎಬಿಎಸ್ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುವುದೂ ದೋಷವಲ್ಲ. ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿಯ ಗುಡ್ಡೆ ಕಟ್ಟಿಕೊಂಡು ನಿಲ್ಲುತ್ತದೆ, ತಿರುಗುತ್ತಲೇ ಇರುವ ಚಕ್ರಕ್ಕೆ ಆ ಅನುಕೂಲವಿಲ್ಲ.

ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪಾರ್ಟ್ ಟೈಮ್ ಫೋರ್ ಬೈ ಫೋರಿನಲ್ಲಿ, ಫೋರ್ ವ್ಹೀಲ್ ಹಾಕಿದಾಗ ಮುಂದಿನ ಹಿಂದಿನ ಆ್ಯಕ್ಸಲ್ಲುಗಳು ಒಂದಕ್ಕೊಂದು ಕಟ್ಟಿಹಾಕಿದಂತೆ. ಜಾರುವ ನೆಲದಲ್ಲಿ ಬ್ರೇಕ್ ಹಾಕಿದರೆ ನಾಲ್ಕೂ ಚಕ್ರ ಒಟ್ಟಿಗೇ ನಿಧಾನವಾಗಬಹುದು, ಆಗ ಒಂದನ್ನು ಇನ್ನೊಂದಕ್ಕೆ ಹೋಲಿಸಿ ‘ಇದು ಲಾಕ್ ಆಯಿತು’ ಎನ್ನಲು ದಾರಿಯಿಲ್ಲ. ಅದಕ್ಕೇ ಹಳೇ ಜಪಾನಿ ಗಾಡಿಗಳು ಹಲವಕ್ಕೆ, ಗಾಡಿ ನಿಜಕ್ಕೂ ಎಷ್ಟು ನಿಧಾನವಾಗುತ್ತಿದೆ ಎಂದು ಅಳೆಯುವ ಜಿ ಸೆನ್ಸರ್ ಇಟ್ಟಿದ್ದಾರೆ. ಸಾಮಾನ್ಯವಾಗಿ ಗೇರ್ ಕನ್ಸೋಲಿನ ಕೆಳಗೆ, ನೆಲಕ್ಕೆ ಬಿಗಿದ ಸಣ್ಣ ಡಬ್ಬಿ. ಹೊಳೆ ದಾಟಿ ಒಳಗೆ ನೀರು ನುಗ್ಗಿ ಕಾರ್ಪೆಟ್ ಒಣಗಿಸಲು ಬಿಚ್ಚಿದವರು ಇದನ್ನು ತಿರುಗಾಮುರುಗಾ ಬಿಗಿದುಬಿಡುತ್ತಾರೆ. ಡಬ್ಬಿಯ ಮೇಲೆ ಬಾಣದ ಗುರುತಿದ್ದರೆ ನೋಡಿ, ಬೋಲ್ಟ್ ಸಡಿಲವಿದೆಯೇ ನೋಡಿ. ನಾಲ್ಕೂ ಚಕ್ರ ಸರಿಯಿದ್ದು ದೀಪ ಹೋಗದಿದ್ದಾಗ ಗ್ಯಾರೇಜಿನವರಿಗೆ ನೆನಪಾಗದ ಪಾರ್ಟ್ ಇದು.

ಟೈರು: ನಾಲ್ಕೂ ಒಂದೇ ಅಳತೆಯ ದೊಡ್ಡ ಟೈರ್ ಹಾಕಿದರೆ ಎಬಿಎಸ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ ಅಷ್ಟೇ. ಮೂರು ದೊಡ್ಡವು, ಒಂದು ಹಳೇ ಸ್ಟೆಪ್ನಿ ಹಾಕಿ ಹೈವೇಗೆ ಹೋದರೆ ಮಾತ್ರ ದೀಪ ಬರಬಹುದು.

ಇನ್ನು ಕರೆಂಟಿನ ಕಡೆ. ಬ್ಯಾಟರಿ ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿದರೆ ಎಬಿಎಸ್ ತಾನೇ ಕೈ ತೊಳೆದುಕೊಂಡು ಕೂರುತ್ತದೆ. ಎಂಜಿನ್ ಓಡುತ್ತಿರುವಾಗ 13.5ರಿಂದ 14.5 ಇರಬೇಕು. ಮಾಡ್ಯೂಲಿನ ಅರ್ಥಿಂಗ್ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿಯಿರಿ, ಐದು ನಿಮಿಷದ ಕೆಲಸ. ಬ್ರೇಕ್ ಲೈಟ್ ಸ್ವಿಚ್ ಕೆಟ್ಟರೂ ಹಳದಿ ದೀಪ ಬರುತ್ತದೆ, ಹಿಂದಿನ ಕೆಂಪು ಲೈಟ್ ಹತ್ತುತ್ತಿದೆಯೇ ಎಂದು ಮನೆಯವರಿಗೆ ಹೇಳಿ ನೋಡಿಸಿ. ಮಳೆಗಾಲದಲ್ಲಿ ಇಲಿ ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಲು ಬರುತ್ತದೆ, ಬಂದದ್ದು ವೈರ್ ಕಡಿಯದೆ ಹೋಗುವುದಿಲ್ಲ.

ಸ್ಕ್ಯಾನಿಂಗ್ ಬಗ್ಗೆ: ಮೊಬೈಲಿಗೆ ಜೋಡಿಸುವ ಅಗ್ಗದ ಡಾಂಗಲ್ಲುಗಳಲ್ಲಿ ಬಹಳಷ್ಟು ಎಂಜಿನ್ ಕೋಡ್ ಮಾತ್ರ ಓದುತ್ತವೆ. ‘ನೋ ಫಾಲ್ಟ್’ ಎಂದು ಬಂದರೆ ಎಬಿಎಸ್ ಸರಿಯಿದೆ ಎಂದಲ್ಲ, ಅದು ಆ ಕೋಣೆಗೆ ಹೋಗಿಯೇ ಇಲ್ಲ. ಬ್ರೇಕ್, ಸಸ್ಪೆನ್ಷನ್ ಕೋಡುಗಳು ‘ಸಿ’ ಅಕ್ಷರದಿಂದ ಶುರುವಾಗುತ್ತವೆ, ಅವನ್ನು ಓದುವ ಸ್ಕ್ಯಾನರ್ ಬೇಕು. ಇನ್ನೂ ಹಳೇ ಗಾಡಿಗಳಲ್ಲಿ ಡಯಾಗ್ನೋಸ್ಟಿಕ್ ಕಪ್ಲರಿನ ಎರಡು ಪಿನ್ ಸೇರಿಸಿದರೆ ದೀಪವೇ ಮಿಟುಕಿ ಕೋಡ್ ಹೇಳುತ್ತದೆ: ಮೂರು ಮಿಟುಕು, ಸ್ವಲ್ಪ ಬಿಡುವು, ಒಂದು ಮಿಟುಕು ಎಂದರೆ 31. ಯಾವ ಎರಡು ಪಿನ್ ಎಂದು ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿ ನೋಡದೆ ತಂತಿ ತೂರಿಸಬೇಡಿ. ಹದಿನಾರು ಪಿನ್ನಿನ ಕಪ್ಲರಿನಲ್ಲಿ 16ನೆಯದು ನೇರ ಬ್ಯಾಟರಿ, 4ನೆಯದು ಅರ್ಥ್. ತಪ್ಪಿ ಅವೆರಡು ಸೇರಿದರೆ ಮೊದಲು ಹೋಗುವುದು ಫ್ಯೂಸ್, ಫ್ಯೂಸಿನ ಜಾಗದಲ್ಲಿ ಯಾರೋ ತಾಮ್ರದ ತಂತಿ ಸುತ್ತಿಟ್ಟಿದ್ದರೆ ಹೋಗುವುದು ವೈರಿಂಗ್.

ಮಾಡ್ಯೂಲಿನ ಸರದಿ ಇದೆಲ್ಲ ಮುಗಿದ ಮೇಲೆ. ಪಂಪ್ ಮೋಟಾರಿನ ಕಪ್ಲರಿಗೆ ಕರೆಂಟ್ ಬರುತ್ತಿದೆ, ಅರ್ಥ್ ಇದೆ, ಮೋಟಾರ್ ಅಲುಗುತ್ತಿಲ್ಲ ಎಂದಾದರೆ ಕಾರ್ಬನ್ ಬ್ರಶ್ ಸವೆದಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಆಯಿಲ್ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ, ಅನಮೋಡ ಇಳಿಯುವಾಗ ಅದೊಂದು ಭಯ. ಅದೇ ತೇವ ಮಾಡ್ಯೂಲಿನ ಸಣ್ಣ ವಾಲ್ವುಗಳಲ್ಲಿ ತುಕ್ಕು ಹಿಡಿಸುತ್ತದೆ. ನಮ್ಮ ಈ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಮಾಡ್ಯೂಲ್ ಬಿಚ್ಚಿದರೆ ಏರ್ ತೆಗೆಯಲು ಹಲವು ಗಾಡಿಗಳಿಗೆ ಸ್ಕ್ಯಾನರಿನಿಂದ ಪಂಪ್ ಓಡಿಸಬೇಕಾಗುತ್ತದೆ, ಆ ಸೌಕರ್ಯ ಇದೆಯೇ ಎಂದು ಕೇಳಿಕೊಂಡೇ ಗಾಡಿ ಬಿಡಿ.

ರಿಪೇರಿ ಆದ ಮೇಲೂ ದೀಪ ನಿಂತಲ್ಲೇ ಆರಬೇಕೆಂದಿಲ್ಲ. ಚಕ್ರದ ಸಿಗ್ನಲ್ ಕಣ್ಣಾರೆ ಕಂಡ ಮೇಲೆಯೇ ಹಲವು ಗಾಡಿಗಳು ಆರಿಸುತ್ತವೆ. ಒಂದು ಕಿಲೋಮೀಟರ್ ಓಡಿಸಿ ನೋಡಿ. ಆಮೇಲೆ ಹಿಂದೆ ಮುಂದೆ ಯಾರೂ ಇಲ್ಲದ ಒದ್ದೆ ಮಣ್ಣಿನ ದಾರಿಯಲ್ಲಿ 30ರ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ, ಪೆಡಲ್ ಒದೆಯಬೇಕು, ಸ್ಟೀರಿಂಗ್ ತಿರುಗಿಸಿದ ಕಡೆ ಗಾಡಿ ಹೋಗಬೇಕು. ಅದೇ ಗಾಡಿ ತಿಸ್ಕ್ ಹತ್ತಿರ ನಿಲ್ಲುವಾಗ ಒದೆಯಬಾರದು.

ಬಿಚ್ಚಿ ತೆಗೆದ ಹಳೇ ಸೆನ್ಸರ್ ಎರಡೂ ಡಿಕ್ಕಿಯಲ್ಲೇ ಇವೆ. ಮೊನ್ನೆ ಮೀಟರ್ ಹಚ್ಚಿ ನೋಡಿದೆ, ಒಂದು 1,180 ಓಮ್, ಇನ್ನೊಂದು 1,165.